ಚಹಾದಿಂದ ತೊಳೆದ ಮನೆ

ಕರ್ನಾಟಕದ ಏಕೀಕರಣ ಮೊಟ್ಟಮೊದಲು ಆದದ್ದು ಗದಗಿನ ಪಕ್ಕದ ಬೆಟಗೇರಿಯ ಒಂದು ಓಣಿಯಲ್ಲಿ, ನಮ್ಮ ಕಾಕಾನ ಮನೆಯ ಹೊಸ್ತಿಲಲ್ಲಿ. ಅದು ಮತ್ತೆ ಒಡೆದುಹೋದದ್ದೂ ಅಲ್ಲೇ, ಮರುದಿನ ಬೆಳಿಗ್ಗೆ, ಅವನ ಹೆಂಡತಿ, ನಮ್ಮ ಚಿಗವ್ವ, ಅದರ ಮೇಲೆ ಒಂದು ತಂಬಿಗೆ ನೀರು ಸುರಿದಾಗ. ಇತಿಹಾಸದ ಪುಸ್ತಕಗಳಲ್ಲಿ ಇದು ಇಲ್ಲವಲ್ಲ ಎಂದು ನೀವು ತಕರಾರು ತೆಗೆಯಬಹುದು. ಆ ಪುಸ್ತಕ ಬರೆದವರಲ್ಲಿ ಒಬ್ಬರಾದರೂ ಕಾಕಾನ ಮನೆಯ ನೆಲ ತಿಕ್ಕಿದ್ದಾರೆಯೆ? ನಾನು ತಿಕ್ಕಿದ್ದೇನೆ.

ವರ್ಷ ಯಾವುದೆಂದು ಮಾತ್ರ ಕೇಳಬೇಡಿ. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಓದುತ್ತಿದ್ದೆ, ರಜೆಗೆ ಬಂದಿದ್ದೆ, ಗದಗ ಇನ್ನೂ ಮುಂಬಯಿಯವರ ಕೈಯಲ್ಲಿತ್ತು. ಇಷ್ಟು ಖಾತ್ರಿ. ಅಥವಾ ಆಗಲೇ ನಮ್ಮ ಕೈಗೆ ಬಂದಿತ್ತೋ ಏನೋ. ಪುರಾವೆ ಇಲ್ಲದೆ ಏನನ್ನೂ ನಂಬಬಾರದೆಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ಅದನ್ನು ಎಷ್ಟು ಚೆನ್ನಾಗಿ ಕಲಿತೆನೆಂದರೆ ಈಗ ನನ್ನ ನೆನಪಿಗೂ ನಾನು ಸಾಕ್ಷಿ ಕೇಳುತ್ತೇನೆ. ಅದು ತಲೆ ಕೆರೆದುಕೊಂಡು ನಿಲ್ಲುತ್ತದೆ.

ಕಾಕಾ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಲೆಕ್ಕ ಬರೆಯುವ ಕಾರಕೂನ. ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದ ಚಟ ಒಂದೇ, ಸೀಳು ಕಂಡರೆ ತುಂಬುವುದು. ಬಾಗಿಲು, ಬೆಂಚು, ಬಂಡಿಯ ಗಾಲಿ, ಯಾವುದರಲ್ಲೇ ಬಿರುಕು ಕಂಡರೂ ಅವನ ಹೆಬ್ಬೆರಳು ತನ್ನಷ್ಟಕ್ಕೆ ಅತ್ತ ಹೊರಡುತ್ತಿತ್ತು. ಮುಂಡರಗಿಯ ಒಂದು ಮದುವೆಯಲ್ಲಿ ಊಟಕ್ಕೆ ಕೂತ ಮಣೆಯ ಸೀಳಿಗೆ ಹೋಳಿಗೆಯ ಹೂರಣ ತುಂಬಿ, ಬೆರಳಿನಿಂದ ಸವರಿ ನುಣುಪು ಮಾಡಿ, ಏನೂ ಆಗದವನಂತೆ ಕೈತೊಳೆಯಲು ಎದ್ದಿದ್ದ. ಆ ಊರಿನ ಇರುವೆಗಳು ಅವನ ಹೆಸರನ್ನು ಬಹಳ ದಿನ ಹೇಳಿರಬೇಕು.

ನಾಡಿನ ಸೀಳುಗಳೂ ಅವನನ್ನು ಹೀಗೇ ಕಾಡುತ್ತಿದ್ದವು. ಅವನು ಚಿಗವ್ವನನ್ನು ಹೆಣ್ಣು ನೋಡಲು ಲಕ್ಷ್ಮೇಶ್ವರಕ್ಕೆ ಹೋದ ಕಾಲಕ್ಕೆ ಅದು ಬೇರೆ ಸಂಸ್ಥಾನ. ಬೆಳಿಗ್ಗೆ ಚಕ್ಕಡಿ ಹತ್ತಿದರೆ ಸಂಜೆಗೆ ಇನ್ನೊಬ್ಬ ರಾಜನ ಸೀಮೆ. ಸ್ವಾತಂತ್ರ್ಯ ಬಂದು ರಾಜರು ಹೋದರು, ಆದರೆ ಚಿಗವ್ವನ ಸಂಸ್ಥಾನ ಚಿಗವ್ವನೊಳಗೆ ಹಾಗೆಯೇ ಉಳಿದಿತ್ತು. ಹೊಸ್ತಿಲು ಉದ್ದಕ್ಕೂ ಸೀಳಿದ್ದನ್ನು ಮೊದಲು ಕಂಡವಳು ಅವಳೇ.

"ನಮ್ಮ ಸಂಸ್ಥಾನದಾಗ ಹೊಸ್ತಿಲಾ ಹಿಂಗ ಸೀಳತಿರಲಿಲ್ಲ ನೋಡ್ರಿ."

"ನಿಮ್ಮ ಸಂಸ್ಥಾನದಾಗ ಕಟ್ಟಿಗೀನ ಇರಲಿಲ್ಲ, ಸೀಳೂದೇನು?"

ಬಡಿಗ ಬಂದು ನೋಡಿ, ಹೊಸ್ತಿಲನ್ನೇ ಕಿತ್ತು ಹೊಸದು ಕೂಡಿಸಬೇಕು ಎಂದ. ಚಿಗವ್ವ ಒಪ್ಪಲಿಲ್ಲ. ಅವರ ಒಬ್ಬಳೇ ಮಗಳನ್ನು, ನನಗೆ ತಂಗಿಯಾಗಬೇಕಾದವಳನ್ನು, ಹಮ್ಮಿಗಿ ಊರಿಗೆ ಕೊಟ್ಟಿತ್ತು. ಸೀಮಂತದ ಕುಬಸ ಮುಗಿದಿತ್ತು, ಚೊಚ್ಚಲ ಹೆರಿಗೆಗೆ ಇನ್ನೇನು ಬರುವವಳಿದ್ದಳು. "ಬಸುರಿ ಬರೂ ಮನಿಯಾಗ ಹೊಸ್ತಿಲಾ ಕೀಳತಾರೇನು?" ಎಂದಳು. ಕೀಳುವಂತಿಲ್ಲ, ಹಾಗೇ ಬಿಡುವಂತೆಯೂ ಇಲ್ಲ. ಕಾಕಾನ ಹೆಬ್ಬೆರಳಿಗೆ ಇಷ್ಟು ದೊಡ್ಡ ಅವಕಾಶ ಹಿಂದೆಂದೂ ಸಿಕ್ಕಿರಲಿಲ್ಲ.

ಮರ ಕೊಯ್ಯುವವರಿಂದ ಒಂದು ಚೀಲ ಹೊಟ್ಟು ಬಂತು. ಬಣ್ಣಕ್ಕೆ ಕೆಮ್ಮಣ್ಣು ಬಂತು. ಗದಗಿನ ಪೇಟೆಯಿಂದ ಸರೇಸು ಬಂತು. ಸರೇಸು ಎಂದರೆ ಬಡಿಗರು ಕುದಿಸಿ ಹಚ್ಚುವ ಅಂಟು. ನೋಡಲು ಬೆಲ್ಲದ ಅಚ್ಚಿನಂತೆ ಇರುತ್ತದೆ, ವಾಸನೆ ಮಾತ್ರ ಬೆಲ್ಲದ್ದಲ್ಲ. ಮೂರನ್ನೂ ಕಲಸಿದ್ದಕ್ಕೆ ಕಾಕಾ 'ಮಸಾಲಿ' ಎಂದು ಹೆಸರಿಟ್ಟ.

"ಏನ್ರಿ ಇದು ನಾರೂದು?" ಎಂದು ಚಿಗವ್ವ ಕೇಳಿದಳು.

"ಹಸಿ ಕಟ್ಟಿಗಿ ವಾಸನಿ."

"ಹೊಟ್ಟು ಒಣಗೇತಲ್ರಿ?"

"ಒಣಗಿದ ಹಸಿ ಕಟ್ಟಿಗಿ ಅದು."

ಆ ಸಂಜೆ ಹೊಸ್ತಿಲು ಒಂದಾಯಿತು, ನಾನು ಮೊದಲೇ ಹೇಳಿದ ಏಕೀಕರಣ ಇದೇ. ಈಗ ನಮ್ಮ ಮನೆಗಳ ರೀತಿ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಎದ್ದ ಹೆಣ್ಣುಮಗಳು ಮೊದಲು ಹೊಸ್ತಿಲಿಗೆ ನೀರು ಹಾಕಿ, ತಿಕ್ಕಿ, ಅರಿಷಿಣ ಕುಂಕುಮ ಹಚ್ಚುತ್ತಾಳೆ. ಸರೇಸಿಗೆ ನೀರೆಂದರೆ ಆಗದು, ಕರಗುತ್ತದೆ; ರಸಾಯನಶಾಸ್ತ್ರ ಓದುತ್ತಿದ್ದ ನನಗೂ ಇದು ಆಗ ಹೊಳೆಯಲಿಲ್ಲ. ಲೋಕದಲ್ಲಿ ಎಷ್ಟೋ ಜನ ಎಷ್ಟೋ ಸೀಳು ತುಂಬಿದ್ದಾರೆ, ಆದರೆ ದಿನಾ ಸ್ನಾನ ಮಾಡುವ ಮರಕ್ಕೆ ನೀರಿಗೆ ಕರಗುವ ಅಂಟು ಮೆತ್ತಿದವನು ನಮ್ಮ ಕಾಕಾ ಒಬ್ಬನೇ. ಬೆಳಿಗ್ಗೆ ಮಸಾಲಿ ಮೆತ್ತಗಾಗುವುದು, ಓಡಾಡಿದವರ ಕಾಲಿಗೆ ಹತ್ತುವುದು, ಒಳಗೆ ಹೋಗಿ ನೆಲದ ಮೇಲೆ ಒಣಗುವುದು. ಸಂಜೆ ಕಾಕಾ ಹೊಸ ಮಸಾಲಿ ತುಂಬುವುದು. ವಾರದೊಳಗೆ ಹಾಸುಗಲ್ಲಿನ ತುಂಬ ಕೆಂಪು ಹೆಜ್ಜೆ. ತಲೆಗೆ ಪಟಕ ಸುತ್ತಿಕೊಳ್ಳುವಾಗ ಕಾಕಾ ಮುಟ್ಟಿದ ಕನ್ನಡಿಗೆ ಅವನ ಐದೂ ಬೆರಳು. ಹಿತ್ತಾಳೆ ಕೊಡಕ್ಕೆ ಗಂಟು, ಗೋಡೆಗೆ ಕೆಮ್ಮಣ್ಣಿನ ಕಲೆ, ಬೆಕ್ಕಿನ ಬಾಲಕ್ಕೂ ಒಂದಿಷ್ಟು. ಒಣಗಿದ ಮೇಲೆ ಅದು ಉಗುರಿಗೆ ಜಗ್ಗುತ್ತಿರಲಿಲ್ಲ.

ಇಷ್ಟಾದರೂ ಚಿಗವ್ವ ಸಹಿಸಿಕೊಂಡಿದ್ದಳು. ಕೆಡಿಸಿದ್ದು ಕಾಕಾನ ಅಭಿಮಾನ. ಶನಿವಾರ ಊಟಕ್ಕೆ ಕೂತಾಗ ನಾನು, ಇದು ಇಷ್ಟು ಗಟ್ಟಿ ಹಿಡಿದದ್ದು ಹೇಗೆ ಎಂದೆ. ಕಾಕಾ ಅರಳಿದ.

"ಗುಟ್ಟು ಹೊಟ್ಟಿನೊಳಗಿಲ್ಲ ತಮ್ಮಾ, ಸರೇಸಿನೊಳಗ ಐತಿ. ಎಮ್ಮಿ ಚರ್ಮಾ, ಎಲವು ಹಗಲೆಲ್ಲ ಕುದಿಸಿ ತಗದ ಸತ್ವ ಅದು. ಹಂಗ ಬಿಡತೈತೇನು?"

ಲಿಂಗಪೂಜೆ ಆಗದೆ ಗುಟುಕು ನೀರು ಕುಡಿಯದ ಚಿಗವ್ವನ ಕೈಯಲ್ಲಿ ರೊಟ್ಟಿ ನಿಂತಿತು. "ಅದನ್ನ ಯಾವ ಬೋಗುಣಿಯೊಳಗ ಕುದಿಸಿದ್ರಿ?"

ಕಾಕಾ ನನ್ನನ್ನು ನೋಡಿದ. ನಾನು ಬದನೆಕಾಯಿ ಪಲ್ಯವನ್ನು ನೋಡಿದೆ.

ಚಿಗವ್ವ ಕೈತೊಳೆದಳು. ಹೊಸ್ತಿಲು ತುಳಿಯಬಾರದೆಂದು ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಓಣಿ ಸುತ್ತಿ ಬಂದು, ಮುಂದಿನ ಕಟ್ಟೆಯ ಮೇಲೆ ಕೂತಳು. ಅಲ್ಲಿಂದಲೇ ಅಪ್ಪಣೆಯಾಯಿತು. "ಮೂಲಿ ಮೂಲಿ ತಿಕ್ಕಿ ತಗೀರಿ. ಒಂದು ಕಣಾ ಉಳಿದ್ರೂ ನಾ ಒಳಗ ಇರಂಗಿಲ್ಲ. ಸೋಮವಾರ ಮಗಳು ಬರ್ತಾಳ. ಅಷ್ಟರಾಗ ಆಗಲಿಲ್ಲಂದ್ರ ಆ ಚಕ್ಕಡೀನ ಹಂಗ ಲಕ್ಷ್ಮೇಶ್ವರಕ್ಕ ಹೊಡಸ್ತೇನಿ. ಬಾಣಂತನ ನನ್ನ ತವರಮನಿಯಾಗ."

ಕಾಕಾ ಊಟ ಅರ್ಧಕ್ಕೆ ಬಿಟ್ಟು ಎದ್ದ. ಕೂಸು ತನ್ನ ಮನೆಯಲ್ಲೇ ಹುಟ್ಟುವುದೆಂದು ಇಡೀ ಜಿನ್ನಿಗೆ ಸಾರಿಬಿಟ್ಟಿದ್ದ. ತೊಟ್ಟಿಲಿಗಾಗಿ ತೊಲೆಗೆ ಕೊಂಡಿ ಹೊಡೆದಿದ್ದ. ಕೊಂಡಿಯ ಸುತ್ತ ಬಿಟ್ಟ ಸೀಳಿಗೆ ಏನು ತುಂಬಿದ್ದ ಎಂದು ಹೇಳಬೇಕೆ?

ಮೊದಲು ಉಳಿ ಹಿಡಿದು ಗೋಡೆಗೆ ಹೋದ. ಮಸಾಲಿ ಬಂತು, ಜೊತೆಗೆ ಅಂಗೈ ಅಗಲದ ಗೋಡೆಯೂ ಬಂತು. ಆದ ಕುಳಿಯನ್ನು ಕಂಡದ್ದೇ ಅವನ ಕೈ ಮಸಾಲಿಯ ಡಬ್ಬಿಗೆ ಹೋಯಿತು. ನಾನು ಮಣಿಕಟ್ಟು ಹಿಡಿದು ನಿಲ್ಲಿಸಿದೆ. ಆಮೇಲೆ ಚಿಮಣಿ ಎಣ್ಣೆ. ಮಸಾಲಿ ಅಲ್ಲಾಡಲಿಲ್ಲ, ಕಲ್ಲು ಮಾತ್ರ ಎಣ್ಣೆ ಕುಡಿದು ಕಪ್ಪಾಯಿತು, ದೀಪ ಹಚ್ಚಲು ಹೆದರಿಕೆಯಾಯಿತು. ಆಮೇಲೆ ಹುಣಸೆಹುಳಿ. ಹಿತ್ತಾಳೆ ಕೊಡ ಬಂಗಾರದಂತೆ ಹೊಳೆಯಿತು, ಮಸಾಲಿಯ ಗಂಟೊಂದನ್ನು ಬಿಟ್ಟು. ಪಕ್ಕದ ಮಗ್ಗದ ಮನೆಯ ಅಜ್ಜಿ ನೋಡಿ, "ಕೊಡಕ್ಕ ಸಿಡಬು ಎದ್ದಾವಲ್ಲೋ" ಎಂದಳು. ಅದೇ ಹುಳಿಯನ್ನು ಹಾಸುಗಲ್ಲಿಗೂ ಹಾಕಿದ. ಹುಳಿ ಕಲ್ಲಿನ ನುಣುಪನ್ನೇ ತಿಂದು, ಕೆಂಪು ಹೆಜ್ಜೆಗಳ ಸುತ್ತ ಬಿಳಿ ಗೆರೆ ಎಳೆಯಿತು. ಮೊದಲು ಹೆಜ್ಜೆಗಳಿದ್ದವು, ಈಗ ಅವಕ್ಕೆ ಚಪ್ಪಲಿಯೂ ಬಂತು.

ಭಾನುವಾರ ನಾನು ಚಹಾ ಮಾಡಿದೆ. ಕಾಕಾನ ಹೆಬ್ಬೆರಳು ಗೋಡೆಯ ಕುಳಿಯತ್ತ ಹೊರಟು, ಬಸಿ ವಾಲಿ, ಆ ತಟ್ಟೆಯಲ್ಲಿದ್ದ ಬಿಸಿ ಚಹಾ ಪೂರ್ತಿ ಒಂದು ಹೆಜ್ಜೆಯ ಮೇಲೆ ಚೆಲ್ಲಿತು. ನಾವು ನೋಡುತ್ತಿದ್ದಂತೆ ಆ ಹೆಜ್ಜೆ ಅಂಬಲಿಯಂತೆ ಮೆತ್ತಗಾಯಿತು. ಕಾಕಾ ಅರಿವೆಯಿಂದ ಒರೆಸಿದ. ಹೆಜ್ಜೆ ಹೋಯಿತು.

"ಲೇ ತಮ್ಮಾ, ಚಹಾದ ಪುಡಿಯೊಳಗ ಏನೋ ಒಂದು ಐತಿ."

"ಪುಡಿಯಲ್ಲ ಕಾಕಾ, ಬಿಸಿನೀರು."

"ಬರೇ ನೀರಿನಾಗ ಏನಿರತೈತಿ? ನೀರಿನಾಗ ನೀರಿರತೈತಿ."

ಹಂಡೆ ತುಂಬ ಚಹಾ ಕುದಿಯತೊಡಗಿತು. ಮೊದಲ ಹಂಡೆಗೆ ಸಕ್ಕರೆಯನ್ನೂ ಹಾಕಿದ್ದ. ಮುಂಡರಗಿಯ ಇರುವೆಗಳು ಬೆಟಗೇರಿಯವುಗಳಿಗೆ ಖಬರ ಮುಟ್ಟಿಸಿರಬೇಕು, ಸಾಲುಗಟ್ಟಿ ಬಂದವು. ಎರಡನೆಯದಕ್ಕೆ ಸಕ್ಕರೆ ಬಿಟ್ಟ. ಘಮ ಓಣಿಗೆಲ್ಲ ಹರಡಿ, ಅಜ್ಜಿ ಮತ್ತೆ ಇಣುಕಿದಳು. "ಇಷ್ಟ್ಯಾಕ ಚಹಾ? ಯಾರು ಬಂದಾರ?"

"ಯಾರೂ ಬಂದಿಲ್ಲ. ಗ್ವಾಡಿಗೆ."

ನಾನು ಸುಮ್ಮನಿರಲಾರದೆ ನೆಲವನ್ನು ಎರಡು ಪಾಲು ಮಾಡಿದೆ. ಒಂದು ಪಾಲಿಗೆ ಬರೀ ಬಿಸಿನೀರು, ಇನ್ನೊಂದಕ್ಕೆ ಕಾಕಾನ ಚಹಾ. ಎರಡೂ ಒಂದೇ ಸಮ ಸ್ವಚ್ಛವಾದವು. ಇನ್ನೇನು ಬೇಕು ಪುರಾವೆ? ಕಾಕಾ ಎರಡನ್ನೂ ಬಗ್ಗಿ ನೋಡಿದ.

"ನಿನ್ನ ಪಾಲು ಸ್ವಚ್ಛ ಆಗೇತಿ, ಖರೆ. ನನ್ನ ಪಾಲು ಸ್ವಚ್ಛ ಆಗಿ ಹುರುಪಾಗೇತಿ."

ನೆಲದ ಹುರುಪನ್ನು ಅಳೆಯುವುದು ಹೇಗೆಂದು ನಮಗೆ ಕಾಲೇಜಿನಲ್ಲಿ ಕಲಿಸಿರಲಿಲ್ಲ. ಕೊನೆಗೆ ಒಪ್ಪಂದವಾಯಿತು. ನೀರು ನನ್ನದು, ಹಂಡೆಗೆ ಒಂದು ಚಿಟಿಕೆ ಪುಡಿ ಅವನದು. ಬಿಸಿ ಅರಿವೆ ಹೊದಿಸುವುದು, ಮೆತ್ತಗಾಗುವವರೆಗೆ ಕಾಯುವುದು, ಕಟ್ಟಿಗೆಯ ಸೌಟಿನಿಂದ ಕೆರೆಯುವುದು. ಸರೇಸು ಕುದಿಸಿದ ಬೋಗುಣಿಯನ್ನು ಕಾಕಾ ಬಡಿಗನಿಗೆ ಕೊಟ್ಟುಬಂದ. ಹೊಸ್ತಿಲ ಸೀಳನ್ನು ಮೊಳೆಯಿಂದ ಬಗೆದು, ತಾನೇ ತುಂಬಿದ್ದನ್ನು ತಾನೇ ಚೂರು ಚೂರಾಗಿ ಹೊರತೆಗೆದ. ಆಗ ಅವನ ಮುಖ ನೋಡುವಂತಿರಲಿಲ್ಲ. ಗೋಡೆಯ ಕೆಮ್ಮಣ್ಣಿನ ಕಲೆ ಹೋಗಿ ಅಲ್ಲಿ ಚಹಾದ ಬಣ್ಣ ಕೂತಿತು. ಹೊಸ್ತಿಲ ಅರಿಷಿಣ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ.

ಇಷ್ಟೂ ಹೊತ್ತು ಚಿಗವ್ವ ಅಜ್ಜಿಯ ಮನೆಯಲ್ಲಿ ರೊಟ್ಟಿ ಬಡಿದು ನನ್ನ ಕೈಗೆ ಕೊಡುತ್ತಿದ್ದಳು. "ನಿನಗಂತ ಮಾಡೀನಿ. ಹೆಚ್ಚಾದ್ರ ಅವರೂ ತಿನ್ನಲಿ." ಪ್ರತಿ ಸಲವೂ ಒಬ್ಬ ದೊಡ್ಡ ಮನುಷ್ಯನಿಗೆ ಆಗುವಷ್ಟು ಹೆಚ್ಚಾಗುತ್ತಿತ್ತು. ಕಟ್ಟೆಯ ಮೇಲೆ ಕೂತು ಗಾಳಿಗೆ ಹೇಳುವಂತೆ, "ಕನ್ನಡಿ ಹಿಂದ ಯಾರೂ ನೋಡಂಗಿಲ್ಲ" ಎನ್ನುವಳು. ಕಾಕಾ ಒಳಗೆ ಕನ್ನಡಿ ತಿರುವುತ್ತಿದ್ದ.

ಸೋಮವಾರ ಚಕ್ಕಡಿ ಬಂತು. ಗಾಡಿಯವನಿಗೆ ಓಣಿಯ ತುದಿಯಲ್ಲೇ ಸುದ್ದಿ ಸಿಕ್ಕಿರಬೇಕು, ಎತ್ತು ಬಿಚ್ಚದೆ ಹಗ್ಗ ಹಿಡಿದು ನಿಂತ. ತಂಗಿ ಸೊಂಟ ಹಿಡಿದುಕೊಂಡು ಇಳಿದಳು. ಅವಳ ಕಾಲಿಗೆ ಹಾಕಲು ಚಿಗವ್ವ ತಂಬಿಗೆಯಲ್ಲಿ ಬೆಚ್ಚನೆಯ ನೀರು ಹಿಡಿದಿದ್ದಳು, ಆದರೆ ಹಾಕಲಿಲ್ಲ. "ನೋಡಾಕ ಹೊಂಟೇನಿ, ಇರಾಕಲ್ಲ" ಎಂದು ಹೇಳಿ ಒಳಗೆ ಹೋದಳು. ಗೋಡೆ ಸವರಿದಳು. ಕೊಡ ತಿರುಗಿಸಿದಳು. ತೊಲೆಯ ಕೊಂಡಿಯನ್ನು ಕತ್ತೆತ್ತಿ ನೋಡಿದಳು. ಹೊರಗೆ ಬರುವಾಗ ಹೊಸ್ತಿಲ ಸೀಳಿನಲ್ಲಿ ಬೆರಳಾಡಿಸಿದಳು. ಕೊನೆಗೆ ಕಾಕಾನ ಎದುರು ನಿಂತಳು.

"ಒಂದು ಕಣಾ ಉಳದೈತಿ."

ತಂಗಿ ಬಾಯಿ ತೆಗೆದಳು. "ಯವ್ವಾ, ಬೇಕಾದ್ರ ಲಕ್ಷ್ಮೇಶ್ವರಕ್ಕ ನೀ ಹೋಗು. ನನ್ನ ಕಾಲು ಸೋತಾವು."

"ಎಲ್ಲಿ ಉಳದೈತಿ?" ಎಂದ ಕಾಕಾ. ಅಷ್ಟು ಸಣ್ಣ ದನಿಯಲ್ಲಿ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಹಿಂಗ ಬರ್ರಿ."

ಚಿಗವ್ವ ತಂಬಿಗೆಯ ನೀರಿನಲ್ಲಿ ಸೆರಗಿನ ತುದಿ ಅದ್ದಿ, ಕಾಕಾನ ಹುಬ್ಬಿಗೆ ಅಂಟಿದ್ದ ಮಸಾಲಿಯ ಚೂರಿಗೆ ಒತ್ತಿದಳು.

ಆ ಮನೆಯಲ್ಲಿ ಅವರಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಚಹಾದ ಬಸಿಯನ್ನು ಸಹ ಅವಳು ನೆಲಕ್ಕಿಡುವಳು, ಅವನು ನೆಲದಿಂದ ಎತ್ತಿಕೊಳ್ಳುವನು. ಈಗ ಹಾಡುಹಗಲು, ಓಣಿಯ ಎದುರು. ತಂಗಿಯನ್ನು ಈಚೆಗೆ ಕೇಳಿದರೆ, ಹುಬ್ಬಲ್ಲ, ಕಿವಿಯ ಹಿಂದೆ ಎನ್ನುತ್ತಾಳೆ. ಇರಬಹುದು, ಅವಳು ನನಗಿಂತ ಹತ್ತಿರ ನಿಂತಿದ್ದಳು. ಆ ಚೂರು ಬೆಚ್ಚನೆಯ ನೀರಿಗೆ ಕರಗಿ ಯಾವಾಗಲೋ ಹೋಗಿತ್ತು. ಚಿಗವ್ವ ಒರೆಸುತ್ತಲೇ ಇದ್ದಳು, ಕಾಕಾ ಕಣ್ಣು ಮುಚ್ಚಿ ನಿಂತೇ ಇದ್ದ. ಗಾಡಿಯವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಯಾರನ್ನೂ ಕೇಳದೆ ಎತ್ತುಗಳ ಹೆಗಲಿನಿಂದ ನೊಗ ಇಳಿಸಿದ.