ಹತ್ತನೆಯ ಸುತ್ತು

ಚಿಂತೆ ಮಾಡುವುದಕ್ಕೆ ಕೆಲವರಿಗೆ ಕಾರಣ ಬೇಕಾಗುತ್ತದೆ. ನನಗೆ ಸ್ವಲ್ಪ ಬಿಡುವು ಸಿಕ್ಕರೆ ಸಾಕು. ಬಸ್ಸು ಸರಿಯಾದ ಹೊತ್ತಿಗೆ ಬಂದರೆ, ಇಷ್ಟು ಸರಿಯಾಗಿ ಬಂದಿದೆಯೆಂದರೆ ದಾರಿಯಲ್ಲಿ ಏನೋ ಕಾದಿರಬೇಕು ಎಂದು ಹತ್ತುವಾಗಲೇ ಎದೆ ಹೊಡೆದುಕೊಳ್ಳುತ್ತದೆ. ಐವತ್ತೆರಡು ವರ್ಷಗಳಲ್ಲಿ ನಾನು ಹೆದರಿದ್ದರಲ್ಲಿ ಮುಕ್ಕಾಲು ಪಾಲು ನಡೆದೇ ಇಲ್ಲ. ನನ್ನ ಹೆಂಡತಿ ಸರೋಜ ಇದನ್ನು ಎತ್ತಿ ಆಡಿದಾಗಲೆಲ್ಲ, "ನಾನು ಹೆದರಿದ್ದಕ್ಕೇ ಕಣೇ ನಡೀಲಿಲ್ಲ" ಎಂದು ಬಾಯಿ ಮುಚ್ಚಿಸುತ್ತೇನೆ. ಅಂದರೆ, ನನ್ನ ಬಾಯಿಯನ್ನು.

ಡಾಕ್ಟರು ನಡೆಯಲು ಹೇಳಿದ ಮೇಲೆ ಧರ್ಮಪುರಿಯ ಕಾಲೇಜು ಮೈದಾನಕ್ಕೆ ದಿನಾ ಬೆಳಿಗ್ಗೆ ಹೋಗತೊಡಗಿದೆ. ಆರು ವರ್ಷವಾಯಿತು. ಅಲ್ಲಿ ನಮ್ಮದೊಂದು ಆರು ಜನರ ಗುಂಪಾಗಿದೆ. ನಾನು, ಸರೋಜ, ನಿವೃತ್ತ ಬಸ್ ಕಂಡಕ್ಟರ್ ಮುರುಗೇಶನ್, ಸೆಲ್ವಿ ಟೀಚರ್, ಆಮೇಲೆ ಮಾತೇ ಆಡದ ಒಂದು ದಂಪತಿ. ಗುಂಪಿಗೆ ತನ್ನದೇ ಕಟ್ಟಳೆಗಳಿವೆ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದೆ ಇರಬೇಕು, ಅವರನ್ನು ಯಾರೂ ದಾಟಬಾರದು, ಅವರು ಹೋದ ಕಡೆಯೇ ಎಲ್ಲರೂ ಹೋಗಬೇಕು. ನಿಧಾನದ ಗೌರವ ಮೊದಲ ದಿನದಿಂದಲೂ ನನ್ನದೇ. ಮೈದಾನದಲ್ಲಿ ಯಾವಾಗಲೂ ಎಡಕ್ಕೇ ತಿರುಗುತ್ತೇವೆ. ದಿನಕ್ಕೆ ಹತ್ತು ಸುತ್ತು. ಸುತ್ತು ಎಣಿಸುವ ಕೆಲಸವೂ ನನ್ನದೇ, ಏಕೆಂದರೆ ಚಿಂತೆಯ ಮನುಷ್ಯ ಎಣಿಕೆ ತಪ್ಪುವುದಿಲ್ಲ ಎಂದು ಅವರ ನಂಬಿಕೆ. ಇಲ್ಲಿ ಓದುಗರಿಗೆ ಮಾತ್ರ ಒಂದು ಗುಟ್ಟು ಹೇಳುತ್ತೇನೆ. ಎಂಟನೆಯ ಸುತ್ತಿಗೆ ನನ್ನ ಬಲ ಮಂಡಿ ಕಿರುಗುಟ್ಟಲು ಶುರುಮಾಡುತ್ತದೆ. ಒಂಬತ್ತು ಮುಗಿಯುತ್ತಲೇ ನಾನು "ಹತ್ತು" ಎಂದುಬಿಡುತ್ತೇನೆ. ಆರು ವರ್ಷಗಳಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಮಂಡಿಯ ಕಡೆ ಗಮನ ಹೋಗದಿರಲೆಂದು ನಡೆಯುವಾಗ ನಾನು ಕಥೆ ಹೇಳುತ್ತೇನೆ. ಹೆಚ್ಚಾಗಿ ಸೇಲಂನ ಗುಗೈ ಬಡಾವಣೆಯಲ್ಲಿದ್ದ ನನ್ನ ತಾಯಿಯ ತಾಯಿ, ನಂಜಜ್ಜಿಯ ಕಥೆ. ಅಜ್ಜಿಯ ಮನೆಯಲ್ಲಿ ಕುಣಿಮಗ್ಗ, ಸುತ್ತಮುತ್ತೆಲ್ಲ ಕನ್ನಡ ಮಾತಾಡುವ ನೇಕಾರರ ಮನೆಗಳು. ಬೆಳಗಾದರೆ ಬೀದಿಯ ಈ ತುದಿಯಿಂದ ಆ ತುದಿಗೆ ಹಾಸಿನ ನೂಲನ್ನು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಎಳೆದು ಕಟ್ಟಿ, ಗಂಜಿ ಹಚ್ಚಿ, ಬಿಸಿಲೇರುವ ಮುನ್ನ ಒಣಗಿಸುತ್ತಿದ್ದರು. ಬಣ್ಣದ ಒಂದು ಹೊಳೆಯೇ ಬೀದಿಯಲ್ಲಿ ಹರಿದಂತಿರುತ್ತಿತ್ತು ಎಂದು ನಾನು ಹೇಳುವಾಗ ಸೆಲ್ವಿ ಟೀಚರ್ ತಲೆದೂಗುತ್ತಿದ್ದರು. ಅಜ್ಜಿ ಎಷ್ಟು ಸಾಧು ಎಂದರೆ ಇರುವೆಗೂ ದಾರಿ ಬಿಡುತ್ತಿದ್ದಳು ಎಂದೂ ಸೇರಿಸುತ್ತಿದ್ದೆ. ಕಥೆಗೆ ಅದು ಚೆನ್ನಾಗಿ ಹೊಂದುತ್ತಿತ್ತು.

ಒಂದು ದಿನ ಮುರುಗೇಶನ್ ಇದ್ದಕ್ಕಿದ್ದಂತೆ, "ಸಾರ್, ಆ ಬೀದೀನ ನಾವೂ ನೋಡೋಣವೇ? ಭಾನುವಾರ ಸೇಲಂ ಹಳೇ ಊರನ್ನು ನಡೆದೇ ಸುತ್ತೋಣ" ಎಂದು ತಮಿಳಿನಲ್ಲಿ ಪ್ರಸ್ತಾಪವಿಟ್ಟ. ಎಲ್ಲರೂ ಒಪ್ಪಿದರು. ನನಗೆ ಮಾತ್ರ ನಿದ್ದೆ ಹಾರಿಹೋಯಿತು. ಆ ಬೀದಿಗೆ ನಾನು ಕೊನೆಯ ಸಲ ಹೋದದ್ದು ಹನ್ನೆರಡನೆಯ ವಯಸ್ಸಿನಲ್ಲಿ, ಅಮ್ಮನ ಕೈ ಹಿಡಿದುಕೊಂಡು. ಬೀದಿಯ ಹೆಸರು ಗೊತ್ತಿಲ್ಲ. ವಿಚಾರಿಸೋಣವೆಂದರೆ ಅಮ್ಮ ಇಲ್ಲ. ಸಿಗದೇ ಹೋದರೆ ಬೀದಿಯ ಜೊತೆಗೆ ಅಜ್ಜಿಯೂ ನಾನು ಕಟ್ಟಿದ ಕಥೆ ಎಂದಾಗಿಬಿಡುತ್ತದೆ. ಇನ್ನೂ ಭಯದ ಸಂಗತಿಯೆಂದರೆ, ನನಗೇ ಹಾಗೆ ಅನ್ನಿಸಿಬಿಟ್ಟರೆ?

ಭಾನುವಾರ ನನ್ನ ಚೀಲದಲ್ಲಿ ಎರಡು ಛತ್ರಿ, ಟಾರ್ಚು, ಮಂಡಿಯ ಪಟ್ಟಿ, ಮುಲಾಮು, ಹೆಚ್ಚಿಗೆ ಒಂದು ಜೊತೆ ಚಪ್ಪಲಿ ಇದ್ದವು. "ನಡೆಯೋಕೆ ಹೊರಟಿದ್ದೀವೋ, ಮನೆ ಖಾಲಿ ಮಾಡ್ತಾ ಇದ್ದೀವೋ?" ಎಂದಳು ಸರೋಜ. ತೊಪ್ಪೂರು ಘಾಟಿ ಇಳಿಯುವಷ್ಟು ಹೊತ್ತೂ ಬ್ರೇಕಿನ ಚಿಂತೆ ನನ್ನದು. ಸೇಲಂನಲ್ಲಿ ಕೋಟೆ ಎಂಬ ಕಡೆ ಇಳಿದೆವು. ಹೆಸರಿಗೆ ಕೋಟೆ, ನೋಡಿದರೆ ಗೋಡೆಯೇ ಕಾಣದು. ಸೆಲ್ವಿ ಟೀಚರ್ ಅಲ್ಲಿ ನಿಂತು, ಗೋಡೆ ಎಲ್ಲಿತ್ತು, ಬಾಗಿಲು ಎಲ್ಲಿತ್ತು ಎಂದು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದರು. ಸೇಲಂನ ತಿಂಡಿ ತಟ್ಟುವಡೆ ತಿಂದೆವು, ಸೇತುವೆ ದಾಟಿದೆವು. ಗುಗೈ ಬಂತು. ಎಲ್ಲರೂ ನಿಂತು ನನ್ನ ಮುಖ ನೋಡಿದರು. ಕಟ್ಟಳೆ ಕಟ್ಟಳೆಯೇ, ಮುಂದೆ ಹೋಗಬೇಕಾದವನು ನಾನು.

ಬೀದಿಯುದ್ದಕ್ಕೂ ನೂಲು ಕಟ್ಟಿರುವುದನ್ನು ಹುಡುಕುತ್ತ ನಡೆದೆ. ಎಲ್ಲೂ ಇಲ್ಲ. ಕಾರು, ಸ್ಕೂಟರು, ನೀರಿನ ಡ್ರಮ್ಮು. ಒಂದು ಬೀದಿಯ ತುದಿಯಲ್ಲಿ ಮೊಳಕಾಲೆತ್ತರದ ಒಂದು ಕಲ್ಲು ಸಿಕ್ಕಿತು, ಅದರ ಮೇಲೆ ಕಾಲಿಟ್ಟು ಶೂ ಲೇಸು ಕಟ್ಟಿಕೊಂಡೆ. ಮತ್ತೆ ನಡಿಗೆ. ಟೀ ಅಂಗಡಿ. ಮತ್ತೊಂದು ಬೀದಿ. ಮತ್ತೊಂದು ಕಲ್ಲು, ಈ ಸಲ ಕೂತು ಮಂಡಿಗೆ ಮುಲಾಮು ಹಚ್ಚಿಕೊಂಡೆ. ಮತ್ತೊಂದು ಟೀ ಅಂಗಡಿ. ಟೀ ಅಂಗಡಿಯವನು ತಮಿಳಿನಲ್ಲಿ ವಿನಯದಿಂದಲೇ ಕೇಳಿದ, "ಅಣ್ಣಾ, ನನ್ನ ಅಂಗಡಿಗೆ ಏನಾದರೂ ಹರಕೆ ಹೊತ್ತಿದ್ದೀರಾ? ಪ್ರದಕ್ಷಿಣೆ ಬರ್ತಾ ಇದ್ದೀರಲ್ಲ." ಆಗ ಹೊಳೆಯಿತು. ಆರು ವರ್ಷ ಮೈದಾನ ಸುತ್ತಿದ ಕಾಲು ಪ್ರತಿ ಮೂಲೆಯಲ್ಲೂ ತಾನಾಗಿ ಎಡಕ್ಕೆ ತಿರುಗಿತ್ತು. ನಾಲ್ಕು ಎಡಕ್ಕೆ ಒಂದು ಸುತ್ತು. ಹಿಂದಿದ್ದ ಐದು ಜನವೂ ತುಟಿಪಿಟಕ್ಕೆನ್ನದೆ ಬಂದಿದ್ದರು.

ಮೂರನೆಯ ಸಲ ಅದೇ ಕಲ್ಲಿನ ಮೇಲೆ ಕುಸಿದು ಕೂತೆ. "ಬಿಡೇ ಸರೋಜ, ಸಿಗಲ್ಲ ಅದು. ಬೀದಿ ಇತ್ತೋ ಇಲ್ವೋ" ಎಂದೆ. ಎದುರು ಮನೆಯ ಬಾಗಿಲಲ್ಲಿ ರಾಟೆ ತಿರುಗಿಸುತ್ತ ಕೂತಿದ್ದ ಒಬ್ಬ ಅಜ್ಜಿ ಕೈ ನಿಲ್ಲಿಸಿದಳು.

"ಕನ್ನಡದೋರಾ? ಎರಡು ಸಲ ಓದ್ರಿ, ಮೂರು ಸಲ ಬಂದ್ರಿ. ಯಾರ್ ಮನೇಗಪ್ಪ ಓಗ್ಬೇಕು?"

"ಬೀದೀಲಿ ಹಾಸು ಕಟ್ತಾರಲ್ಲ, ಆ ಬೀದಿಗೆ ಕಣವ್ವ."

"ಈಗ ಯಾರ್ ಬೀದೀಲಿ ಹಾಸು ಕಟ್ತಾರೆ? ಕಾರ್ ಬಿಡ್ತವಾ? ಎಲ್ಲಾ ಮಿಷಿನ್ನಾಗೇ ಬತ್ತೈತೆ. ಬೀದಿ ಇದೇ ಕಣಪ್ಪ. ಹಾಸು ಕಟ್ಟೋ ಕಲ್ಲಿನ್ ಮೇಲೇ ಕುಂತಿದ್ದೀಯಲ್ಲ."

ಎದ್ದು ನೋಡಿದೆ. ಕಲ್ಲಿನ ಸುತ್ತ ಹಗ್ಗ ತಿಕ್ಕಿ ತಿಕ್ಕಿ ಬೆರಳು ಹುದುಗುವಷ್ಟು ಆಳದ ಗೆರೆ ಬಿದ್ದಿತ್ತು. ಅದನ್ನು ಮುಟ್ಟಿದೆ. ಅದರ ಮೇಲೆ ನಾನು ಶೂ ಇಟ್ಟಿದ್ದೆ, ಮುಲಾಮು ಒರೆಸಿದ್ದೆ.

ಆ ಅಜ್ಜಿಯ ಹೆಸರು ಚೌಡಮ್ಮ. ನಮ್ಮಜ್ಜಿ ನಂಜಮ್ಮ ಎಂದೆ. "ಈ ಬೀದೀಲಿ ಮೂರು ಜನ ನಂಜಮ್ಮ ಇದ್ರು, ಯಾವ ನಂಜಮ್ಮ?" ಎಂದಳು. ಮೂಲೆ ಮನೆ, ಮಗಳನ್ನು ಧರ್ಮಪುರಿಗೆ ಕೊಟ್ಟಿದ್ದಳು ಎಂದೆ. ಚೌಡಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಓ, ಬಜಾರಿ ನಂಜಮ್ಮನಾ? ನನ್ ಮದುವೆ ಮೆರವಣಿಗೇನೇ ತಡೆದು ನಿಲ್ಸಿದ್ಲು ಕಣಪ್ಪ. ಕೋಲು ಇಡ್ಕೊಂಡು ಬೀದೀಲಿ ನಿಂತ್ಲು. ಹಾಸು ಒಣಗೋಗಂಟ ಗಂಡೂ ಇಲ್ಲ, ಹೆಣ್ಣೂ ಇಲ್ಲ ಅಂದ್ಲು. ನನ್ ಗಂಡ ಬಿಸಿಲಾಗೇ ನಿಂತಿದ್ದ, ಪಾಪ."

ಹೊಸೂರು ಮಾರ್ಗದ ಬಸ್ಸಿನಲ್ಲಿ ಇಪ್ಪತ್ತು ವರ್ಷ ಕನ್ನಡದಲ್ಲೇ ಚಿಲ್ಲರೆ ಕೇಳಿದ್ದ ಮುರುಗೇಶನ್, ಒಂದು ಮಾತೂ ಬಿಡದೆ ಎಲ್ಲರಿಗೂ ತಮಿಳಿನಲ್ಲಿ ಹೇಳಿದ. ಸೆಲ್ವಿ ಟೀಚರ್ ನನ್ನ ಕಡೆ ತಿರುಗಿ, "ಇರುವೆಗೆ ದಾರಿ ಬಿಡ್ತಿದ್ದರು ಅಂದಿರಿ?" ಎಂದರು. ಮಾತೇ ಆಡದ ದಂಪತಿ ಆರು ವರ್ಷಗಳಲ್ಲಿ ಮೊದಲ ಸಲ ಜೋರಾಗಿ ನಕ್ಕರು. ನಾನೂ ನಕ್ಕೆ, ಕಣ್ಣು ಒರೆಸಿಕೊಳ್ಳಬೇಕಾಯಿತು. ಇಷ್ಟು ವರ್ಷ ನಾನು ಹೇಳುತ್ತಿದ್ದ ಸಾಧು ಅಜ್ಜಿಗಿಂತ ಕೋಲು ಹಿಡಿದು ಬೀದಿಯಲ್ಲಿ ನಿಂತ ಈ ಅಜ್ಜಿ ನೂರು ಪಾಲು ನಿಜವಾಗಿದ್ದಳು. ಮೂಲೆ ಮನೆ ಈಗ ಮೂರಂತಸ್ತಿನ ಕಟ್ಟಡ, ಅದರ ಬಗ್ಗೆ ನನಗೆ ಬೇಸರವೂ ಆಗಲಿಲ್ಲ. ಚೌಡಮ್ಮ ಆರು ಜನಕ್ಕೂ ನೀರುಮಜ್ಜಿಗೆ ಕೊಟ್ಟು, "ಬಜಾರಿ ಮೊಮ್ಮಗ ಬಾಯಿ ಸತ್ತೋನು" ಎಂದು ಹರಸಿ ಕಳಿಸಿದಳು.

ಹಿಂದಿರುಗುವ ಬಸ್ಸಿನಲ್ಲಿ ಸೆಲ್ವಿ ಟೀಚರ್ ತಮ್ಮ ಮೊಬೈಲು ತೋರಿಸಿದರು. ನಾವು ನಡೆದ ದಾರಿಯನ್ನು ಅದು ನೀಲಿ ಗೆರೆಯಲ್ಲಿ ಬರೆದಿತ್ತು. ಗುಗೈ ಬಂದ ಕಡೆ ರಾಟೆಯ ಕಂಡಿಕೆಗೆ ನೂಲು ಸುತ್ತಿದ ಹಾಗೆ ಸುತ್ತಿನ ಮೇಲೆ ಸುತ್ತು.

"ಹಾಗಾದರೆ ಎರಡನೇ ಸುತ್ತಿಗೇ ನಿಮಗೆ ಗೊತ್ತಿತ್ತಾ?"

"ಮೊದಲನೇದಕ್ಕೇ ಗೊತ್ತಿತ್ತು" ಎಂದರು ಟೀಚರ್.

"ಮತ್ಯಾಕೆ ಹೇಳಲಿಲ್ಲ?"

ಉತ್ತರ ಕೊಟ್ಟವನು ಮುರುಗೇಶನ್. "ಅದು ನಿಮ್ಮ ಬೀದಿ ಸಾರ್. ಮೊಬೈಲು ಹುಡುಕಿಕೊಟ್ಟರೆ ಆಗುತ್ತದೆಯೇ? ನೀವು ಹತ್ತು ಸುತ್ತು ಹಾಕಿದ್ದರೂ ಹಿಂದೆ ಬರುತ್ತಿದ್ದೆವು." ಇಂಥ ಜನರನ್ನು ಪಡೆಯಲು ನಾನು ಏನು ಮಾಡಿದ್ದೆನೋ ತಿಳಿಯದು. ಘಾಟಿ ಹತ್ತುವಾಗ ಬ್ರೇಕಿನ ನೆನಪೇ ಆಗಲಿಲ್ಲ.

ಆದರೆ ಚಿಂತೆ ನನ್ನನ್ನು ಬಿಟ್ಟು ಎಷ್ಟು ದೂರ ಹೋದೀತು? ಮನೆಗೆ ಬಂದು ಚೀಲ ಇಳಿಸುವಾಗ ಇನ್ನೊಂದು ಯೋಚನೆ ಬಂತು. ಗೊತ್ತಿದ್ದೂ ಹೇಳದ ಜನ ಇವರು. ಹಾಗಾದರೆ ಇನ್ನೂ ಏನೇನು ಗೊತ್ತಿರಬಹುದು? ಮರುದಿನ ಮೈದಾನದಲ್ಲಿ ಒಂಬತ್ತನೆಯ ಸುತ್ತು ಮುಗಿಯಿತು. ಎಂದಿನಂತೆ "ಹತ್ತು" ಎಂದು ಹಿಂದೆ ತಿರುಗಿದೆ. "ಆಮಾ ಸಾರ್, ಹತ್ತು" ಎಂದ ಮುರುಗೇಶನ್, ನನ್ನ ಮಂಡಿಯನ್ನೇ ನೋಡುತ್ತ. ಟೀಚರ್ ಮೊಬೈಲನ್ನು ಮೆಲ್ಲಗೆ ಪರ್ಸಿನೊಳಗೆ ಹಾಕಿಕೊಂಡರು. ನಾನು ನಿಲ್ಲಲಿಲ್ಲ. ಮತ್ತೆ ಮುಂದಕ್ಕೆ ನಡೆದು, ಮೂಲೆ ಬಂದಾಗ ಎಡಕ್ಕೆ ತಿರುಗಿದೆ. ಹಿಂದೆ ಐದು ಜೊತೆ ಹೆಜ್ಜೆಗಳು ಒಂದು ಮಾತೂ ಇಲ್ಲದೆ ಬರುತ್ತಿದ್ದವು.