ಮಗಳ ಕೂಡುಹುಬ್ಬೂ ನನ್ನ ಬಿ.ಎ.ಯೂ

ನಮ್ಮ ವಂಶದಲ್ಲಿ ಸರ್ಟಿಫಿಕೇಟು ಎಂಬ ಪದಾರ್ಥ ಹುಟ್ಟುವುದು ಆಗದ ಹೋಗದ ಮಾತು ಎಂದು ಮೊಟ್ಟಮೊದಲು ಸಾರಿದವರು ಆಯನೂರಿನ ರುದ್ರಪ್ಪ ಮಾವ, ನನ್ನ ತಾಯಿಯ ಅಣ್ಣ. ನಾನು ಹೈಸ್ಕೂಲಿಗೆ ಸೇರಿದ ದಿನ ಅವರು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, ಸಾವಕಾಶವಾಗಿ ಜಗಲಿಯ ಮೇಲೆ ಕೂತು, "ತಂಗೀ, ಹೋರಿ ಹಾಲು ಕರೆಯೋಕೆ ಹೊರಟಿದ್ದೀಯಲ್ಲೇ" ಎಂದು ನಮ್ಮವ್ವನಿಗೆ ಹೇಳಿದರು. ಹೋರಿಯಾದ ನಾನು ಪಕ್ಕದಲ್ಲೇ ನಿಂತಿದ್ದೆ. ಅವರ ಮಾತು ಸುಳ್ಳು ಮಾಡಬೇಕೆಂಬ ಒಂದೇ ಹಟದಿಂದ ನಾನು ಓದಿದ್ದು. ಮಠದ ಊಟ, ಯಾರದೋ ಪುಸ್ತಕ, ಇನ್ಯಾರದೋ ಕೋಟು. ಇಂಗ್ಲಿಷಿನಲ್ಲಿ ಮುಗ್ಗರಿಸಿ ಎದ್ದು, ತರ್ಕಶಾಸ್ತ್ರದಲ್ಲಿ ಎದ್ದು ಮತ್ತೆ ಮುಗ್ಗರಿಸಿ, ಅಂತೂ ಬಿ.ಎ. ಎನ್ನಿಸಿಕೊಂಡೆ. ಆ ಹೊತ್ತಿಗೆ ಊರಿನಲ್ಲಿ ನನ್ನ ಓರಗೆಯವರ ಮಕ್ಕಳು ನೇಗಿಲ ಮೇಣಿ ಹಿಡಿಯುವಷ್ಟು ಬೆಳೆದಿದ್ದರು ಎಂದು ಮಾವ ಹೇಳುತ್ತಿದ್ದರು. ಅದು ಉತ್ಪ್ರೇಕ್ಷೆ. ಅವರಿನ್ನೂ ದನ ಕಾಯುತ್ತಿದ್ದರು.

ಇಷ್ಟು ಕಷ್ಟಪಟ್ಟು ಸಂಪಾದಿಸಿದ ಡಿಗ್ರಿಯನ್ನು ಗೌನು ತೊಟ್ಟು, ದೊಡ್ಡವರ ಕೈಯಿಂದ ಇಸಿದುಕೊಳ್ಳುವ ಭಾಗ್ಯ ನನಗಿರಲಿಲ್ಲ. ಘಟಿಕೋತ್ಸವದ ವಾರವೇ ನಮ್ಮ ಗದ್ದೆ ಕೊಯ್ಲಿಗೆ ಬಂತು. "ಕಾಗದ ಎಲ್ಲಿಗೂ ಓಡಿಹೋಗಲ್ಲ ಮಗ, ಭತ್ತ ಉದುರಿಹೋಗುತ್ತೆ" ಎಂದರು ಅಪ್ಪ. ತರ್ಕಶಾಸ್ತ್ರದ ಪ್ರಕಾರವೂ ಅದು ಸರಿಯಾಗಿಯೇ ಇತ್ತು. ನಾನು ಕುಡುಗೋಲು ಹಿಡಿದು ಗದ್ದೆಯಲ್ಲಿ ಬಗ್ಗಿದ್ದಾಗ ನನ್ನ ಡಿಗ್ರಿ ಟಪ್ಪಾಲಿನಲ್ಲಿ ಬಂತು. ಅವ್ವ ಅದನ್ನು ದೇವರ ಗೂಡಿನಲ್ಲಿಟ್ಟು, ಹೊಸದಾಗಿ ಮನೆಗೆ ಬಂದ ಎಲ್ಲದಕ್ಕೂ ಹಚ್ಚುವ ಹಾಗೆ ಮೂರು ಬೆರಳು ವಿಭೂತಿ ಎಳೆದುಬಿಟ್ಟಳು. ಕುಲಪತಿಗಳ ಸಹಿಯ ಮೇಲೆ ಆ ಮೂರು ಗೆರೆ ಇವತ್ತಿಗೂ ಇವೆ. ಮಾವ ಬಂದು ನೋಡಿ, "ಬರಗಾಲದಲ್ಲೂ ಎಲ್ಲೋ ಒಂದು ಹಲಸಿನ ಮರ ಹಣ್ಣು ಬಿಡುತ್ತೆ ಮಾರಾಯ. ಅದನ್ನ ತೋಪು ಅನ್ನೋಕಾಗುತ್ತಾ? ಎರಡನೇದು ತಂದು ತೋರಿಸು. ಆಗಲ್ಲ, ಬರೆದಿಟ್ಕೋ" ಎಂದರು.

ಎರಡನೆಯದನ್ನು ತರುವ ಯೋಗ ಬಂದದ್ದು ನನ್ನ ಮಗಳು ನೀಲಾಳಿಗೆ. ಈ ಎರಡನೆಯ ಮಹಾಯುದ್ಧ ಶುರುವಾದ ಮೇಲಿನ ಮಾತು. ನಾವು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಸಂಸಾರ ಹೂಡಿದ್ದೆವು. ನಾನು ದಿನವೂ ರೈಲಿನಲ್ಲಿ ಭದ್ರಾವತಿಗೆ ಹೋಗಿ ಕಾರ್ಖಾನೆಯೊಂದರ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಬರುತ್ತಿದ್ದೆ. ನೀಲಾಳಿಗೆ ಹನ್ನೊಂದು ವರ್ಷ. ಹೆಣ್ಣುಮಕ್ಕಳ ಶಾಲೆಯಲ್ಲಿ ತರಗತಿಗೇ ಮೊದಲು ಬಂದಿದ್ದಳು. ಶಾಲೆಯ ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆ ಕರೆದು ಸರ್ಟಿಫಿಕೇಟು ಕೊಡುತ್ತೇವೆಂದೂ, ಪದವೀಧರರಾದ ತಂದೆಯವರೂ ವೇದಿಕೆಯ ಮೇಲೆ ಕೂತು ನಾಲ್ಕು ಮಾತಾಡಬೇಕೆಂದೂ ಹೆಡ್‌ಮಿಸ್ಟ್ರೆಸ್ಸಮ್ಮನವರು ಹೇಳಿಕಳಿಸಿದರು. ನನಗೆ ಬಂದ ಸಂತೋಷದಲ್ಲಿ ಆ ದಿನವೇ ಆಯನೂರಿಗೆ ಕಾರ್ಡು ಬರೆದು ಮಾವನನ್ನು ಕರೆದೆ. ನಾಲ್ಕು ಮಾತನ್ನು ನಲವತ್ತು ಮಾಡಿ ಭಾಷಣವನ್ನೂ ಸಿದ್ಧಮಾಡಿದೆ.

"ನಾನು ಹೋಗಲ್ಲ" ಎಂದಳು ನೀಲಾ.

ಕಾರಣ ಅವಳ ಹಣೆಯ ಮೇಲೇ ಇತ್ತು. ಅವಳದು ಕೂಡುಹುಬ್ಬು. ಅದು ನಮ್ಮ ಕಡೆಯದಲ್ಲ, ನಮ್ಮವ್ವನ ತವರಿನದು; ರುದ್ರಪ್ಪ ಮಾವನ ಮುಖದಿಂದ ಎತ್ತಿ ತಂದು ಅಂಟಿಸಿದಂತಿತ್ತು. ನನ್ನ ಹುಬ್ಬುಗಳು ಅಪ್ಪನ ಹಾಗೆ ಎರಡಾಗಿ, ಅಚ್ಚುಕಟ್ಟಾಗಿ, ನಡುವೆ ಅಂತರ ಕಾಯ್ದುಕೊಂಡಿದ್ದವು. ಅವಳದೋ ಬಲಗಡೆಯಿಂದ ಹೊರಟರೆ ನಡುವೆ ಎಲ್ಲೂ ಸ್ಟೇಷನ್ನಿಲ್ಲದೆ ಎಡಗಡೆಗೆ ಮುಟ್ಟುವ ರೈಲುದಾರಿ. ನನ್ನ ಕಣ್ಣಿಗೆ ಅದು ಲಕ್ಷಣವಾಗಿಯೇ ಕಾಣುತ್ತಿತ್ತು. ಆದರೆ ತರಗತಿಯ ಹುಡುಗಿಯರು "ಹಣೆ ಮೇಲೆ ಕಂಬಳಿಹುಳ ಮಲಗಿದೆ ಕಣೇ, ಎಬ್ಬಿಸಬೇಡ್ರೇ" ಎನ್ನುತ್ತಿದ್ದರಂತೆ. ಇಡೀ ಊರಿನ ಎದುರು ವೇದಿಕೆ ಹತ್ತಿದರೆ ಎಲ್ಲರೂ ಹುಳವನ್ನೇ ನೋಡುತ್ತಾರೆ ಎಂದು ಮುಖ ಮುಚ್ಚಿಕೊಂಡು ಅತ್ತಳು. ನಾನು ಸಮಾಧಾನ ಹೇಳಹೋದೆ. ಅವಳು ಕಣ್ಣೊರೆಸಿಕೊಂಡು, "ಸರ್ಟಿಫಿಕೇಟು ಟಪ್ಪಾಲಲ್ಲಿ ಕಳಿಸಲಿ. ನಿಮ್ಮದೂ ಹಾಗೇ ಬಂತಲ್ಲ ಅಪ್ಪಾಜಿ" ಎಂದಳು. ನಮ್ಮ ಮನೆಯ ಸರ್ಟಿಫಿಕೇಟುಗಳಿಗೆ ಟಪ್ಪಾಲೇ ಗತಿ ಎಂದು ಬ್ರಹ್ಮ ಬರೆದಿದ್ದರೆ ಆ ಬರಹ ಇರುವ ಹಣೆಯನ್ನೇ ಸ್ವಲ್ಪ ಚೊಕ್ಕಟ ಮಾಡಿಬಿಡೋಣ ಎಂದು ನಾನು ಪಣತೊಟ್ಟದ್ದು ಆಗಲೇ.

ಹುಬ್ಬಿನ ನಡುವಿನ ಕೂದಲು ಹೋಗಬೇಕು, ಮಗುವಿಗೆ ನೋಯಬಾರದು, ಪ್ರಶ್ನೆ ಇಷ್ಟೆ. ಓದಿದವನ ಮನೆಯಲ್ಲಿ ಇಷ್ಟಕ್ಕೂ ಸಭೆ ಸೇರಲೇಬೇಕು. ನನ್ನ ಹೆಂಡತಿ ಪಾರ್ವತಿ ಪತ್ರಿಕೆಯಲ್ಲಿ ಬಂದಿದ್ದ ವಿಲಾಯಿತಿ ಮುಲಾಮಿನ ಜಾಹೀರಾತು ತೋರಿಸಿದಳು. ಅಂಗಡಿಯಲ್ಲಿ ಕೇಳಿದರೆ, "ಹಡಗು ಬರ್ತಿಲ್ಲ ಸ್ವಾಮಿ, ಯುದ್ಧ ಮುಗಿದ ಮೇಲೆ ಬನ್ನಿ" ಎಂದರು. ಯುದ್ಧ ವಾರ್ಷಿಕೋತ್ಸವದೊಳಗೆ ಮುಗಿಯುತ್ತದೆಯೇ ಎಂದು ನೀಲಾ ಆಸೆಯಿಂದ ಕೇಳಿದಳು. ಇನ್ನು ಕ್ಷೌರದವನು, ವಿಷಯ ಎತ್ತಿದ ಕೂಡಲೇ ಅವನು ನನ್ನ ಅರ್ಧ ಗಡ್ಡಕ್ಕೇ ಕತ್ತಿ ಕೆಳಗಿಟ್ಟ. "ಹೆಣ್ಣುಮಗು ಮುಖಕ್ಕೆ ಕತ್ತಿ ಮುಟ್ಟಿಸಿದೆ ಅಂದ್ರೆ ಈ ಬೀದೀಲಿ ನಂಗ್ಯಾರು ಬುದ್ಧೀ ಗಡ್ಡ ಕೊಡ್ತಾರೆ?" ಎಂದು, ಉಳಿದರ್ಧ ಬೋಳಿಸಬೇಕಾದರೆ ಆ ಮಾತು ಬಿಡಬೇಕೆಂದು ಕರಾರು ಹಾಕಿದ. ಬಿಟ್ಟೆ.

ಅವ್ವ ಮಾತ್ರ ಸಭೆಗೆ ಕಾಯದೆ ಕೆಲಸ ಶುರುಮಾಡಿದ್ದಳು. "ಹುಟ್ಟಿದ ಹೊಸದರಲ್ಲಿ ಕಡಲೆಹಿಟ್ಟು ಅರಿಶಿನ ಹಚ್ಚಿ ತಿಕ್ತೀನಿ ಅಂದ್ರೆ, ಪುಸ್ತಕದಲ್ಲಿ ಬೇಡ ಅಂತ ಬರೆದಿದೆ ಅಂದೋನು ನೀನು. ಈಗ ಅನುಭವಿಸು" ಎಂದು ನನ್ನನ್ನು ಬೈದು, ಮೊಮ್ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ವಿಭೂತಿ ಗಟ್ಟಿಗೆ ಬೆರಳುಜ್ಜಿ, ಆ ಪುಡಿಯ ಹಿಡಿತದಲ್ಲಿ ಒಂದೊಂದೇ ಕೂದಲು ಹಿಡಿದು, ಏನೋ ಕಥೆ ಹೇಳುತ್ತ ಕೀಳುತ್ತಿದ್ದಳು. ನೀಲಾ ಅಳಲಿಲ್ಲ, ಬರೀ ಸೀನಿದಳು. ಆದರೆ ಅದು ಹುಲ್ಲುಬಣವೆಯಿಂದ ನಾಲ್ಕು ಎಸಳು ಎಳೆದ ಹಾಗೆ. ಈ ವೇಗದಲ್ಲಿ ಹೋದರೆ ಹುಬ್ಬು ಎರಡಾಗುವ ಹೊತ್ತಿಗೆ ಅವಳ ಮದುವೆಯ ಹೊತ್ತು ಬರುತ್ತದೆ ಎಂದು ನಾನು ಲೆಕ್ಕ ಹೇಳಿದೆ. "ಅವಸರದೋರು ಹುಬ್ಬು ಕೀಳಬಾರದಪ್ಪ" ಎಂದಳು ಅವ್ವ. ಈ ಮಾತನ್ನು ನಾನು ಲಕ್ಷ್ಯಕ್ಕೆ ತೆಗೆದುಕೊಳ್ಳಬೇಕಿತ್ತು.

ಭದ್ರಾವತಿಯಲ್ಲಿ ನನ್ನ ಸ್ನೇಹಿತ ಮುರುಗೇಶಂ ಎಂಬ ಫಿಟರ್ ಇದ್ದ. ತಮಿಳು, ತೆಲುಗು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವನು; ಏನು ಹೇಳಿದರೂ ಕಬ್ಬಿಣದಲ್ಲಿ ಮಾಡಿಕೊಡುವವನು. "ಚಿಕ್ಕ ಚಿಮಟ ಬೇಕಪ್ಪ, ಮಗೂಗೆ" ಎಂದೆ. ಮಾರನೆಯ ದಿನವೇ ತಂದ. ಅದರ ಮಿಂಚೇನು, ಗಟ್ಟಿಯೇನು! ಬಾಗಿಲಿನ ಮೊಳೆ ಕೀಳಬಹುದಾಗಿತ್ತು. ಆಮೇಲೆ ನಾವು ಅದನ್ನು ಅದಕ್ಕೇ ಉಪಯೋಗಿಸಿದೆವು. ಮನೆಯಲ್ಲಿ ನೀಲಾಳನ್ನು ಬೆಳಕಿಗೆ ಕೂರಿಸಿ ಒಂದೇ ಒಂದು ಕೂದಲು ಹಿಡಿದು ಎಳೆದೆ. ಅವಳು ಕಿರಿಚಿದ್ದು ರಾಗಿಗುಡ್ಡಕ್ಕೆ ತಾಗಿ ಮರಳಿ ಬಂದಿರಬೇಕು. ಪಾರ್ವತಿ ಅಡುಗೆಮನೆಯಿಂದ ಸೌಟು ಸಮೇತ ಓಡಿಬಂದು, "ನಿಮಗೇನು ಬುದ್ಧಿಗಿದ್ಧಿ ಇದೆಯೇನ್ರೀ? ಮಗೂನೋ ಕುದುರೇನೋ ಅದು?" ಎಂದಳು. ಚಿಮಟ ಅಟ್ಟ ಸೇರಿತು.

ಉಳಿದದ್ದು ಬಜಾರಿನ ಅತ್ತರು ಮಾರುವ ಸಾಹೇಬರ ಪುಡಿ. ನೀರಿನಲ್ಲಿ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಕೂದಲು ತಾನಾಗಿ ಬರುತ್ತದೆ, ನೋವೇ ಇಲ್ಲ. "ಏಕ್‌ದಂ ಸಾಫ್ ಸಾಹೇಬ್ರೆ! ಆದ್ರೆ ಕೈಗೆ ಕಾಲಿಗೆ ಮಾತ್ರ. ಮುಖಕ್ಕೆ ಬೇಡಿ. ಅದೂ ಬಚ್ಚೀ ಮುಖಕ್ಕೆ ಬಿಲ್ಕುಲ್ ಬೇಡಿ" ಎಂದು ಅವರು ಕೈಮುಗಿದು ಹೇಳಿದರು. ಯಾರೋ ಬೇಡ ಎಂದ ಮಾತ್ರಕ್ಕೆ ಬಿಡುವ ಹಾಗಿದ್ದರೆ ನಾನು ಬಿ.ಎ. ಆಗುತ್ತಲೇ ಇರಲಿಲ್ಲ. ಹಾಗೆಂದು ಪರೀಕ್ಷಿಸದೆ ಮಗುವಿಗೆ ಹಚ್ಚುವ ಕಟುಕನೂ ನಾನಲ್ಲ. ಮೊದಲು ನನ್ನ ಮೇಲೆ ಪ್ರಯೋಗ. ಕೈಯ ಮೇಲೆ ಹಚ್ಚಿ ನೋಡಬಹುದಿತ್ತು. ಆದರೆ ಕೈಯ ಕೂದಲು ಬೇರೆ, ಹುಬ್ಬಿನದು ಬೇರೆ; ಒಂದು ವಸ್ತುವನ್ನು ನೋಡಿ ಇನ್ನೊಂದರ ಬಗ್ಗೆ ತೀರ್ಮಾನ ಹೊರಡಿಸುವುದು ದೋಷ ಎಂದು ತರ್ಕಶಾಸ್ತ್ರ ಹೇಳುತ್ತದೆ. ಆ ಒಂದು ಪಾಠ ಅದೇಕೆ ಅಷ್ಟು ಚೆನ್ನಾಗಿ ನೆನಪಿತ್ತೋ! ಬಲಹುಬ್ಬಿನ ತುದಿಗೆ ಒಂದು ಸಾಸಿವೆಯಷ್ಟು ಹಚ್ಚಿಕೊಳ್ಳುವುದೆಂದು ನಿಶ್ಚಯಿಸಿದೆ.

ಮನೆಯಲ್ಲಿ ಮಾಡಿದರೆ ಹೆಂಗಸರು ಬಿಡುವುದಿಲ್ಲವೆಂದು ಭಾನುವಾರ ಮುರುಗೇಶಂನ ಕ್ವಾರ್ಟರ್ಸಿಗೆ ಹೋದೆ. ಅವನು ಹಿತ್ತಲಲ್ಲಿ ಸೈಕಲ್ಲು ಬಿಚ್ಚಿ ಕೂತಿದ್ದ. ನಾನು ಪಡಸಾಲೆಯಲ್ಲಿ ಕನ್ನಡಿ ಇಟ್ಟು ಪುಡಿ ಕಲಸಿ ಹಚ್ಚಿಕೊಂಡೆ. ಘಾಟಿಗೆ ಕಣ್ಣು ಉರಿದು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ಕೂರಬೇಕಾಯಿತು; ಗಡಿಯಾರ ನೋಡುವ ಹಾಗಿಲ್ಲ. ಒದ್ದೆಯಾದ ಪುಡಿ ಹುಬ್ಬಿನುದ್ದಕ್ಕೂ ಇಳಿಯುತ್ತಿದ್ದದ್ದೂ ತಿಳಿಯಲಿಲ್ಲ. ಆದರೆ ಭದ್ರಾವತಿಯಲ್ಲಿ ಗಡಿಯಾರ ಯಾರಿಗೆ ಬೇಕು? ಅಲ್ಲಿ ಏಳುವುದು, ಉಣ್ಣುವುದು, ಮಗುವಿಗೆ ಹಾಲೂಡುವುದು ಎಲ್ಲವೂ ಕಾರ್ಖಾನೆಯ ಸೈರನ್ನಿನ ಕೂಗಿನ ಮೇಲೆ. ಊಟದ ಕೂಗು ಇನ್ನೇನು ಆಗಬೇಕು, ಆದ ಕೂಡಲೇ ತೊಳೆದರಾಯಿತು ಎಂದು ಕಣ್ಣುಮುಚ್ಚಿ ನನ್ನ ಭಾಷಣ ಬಾಯಿಪಾಠ ಮಾಡುತ್ತ ಕೂತೆ. ಭಾಷಣ ಮುಗಿಯಿತು. ಕೂಗು ಆಗಲಿಲ್ಲ. ಮತ್ತೊಮ್ಮೆ ಮೊದಲಿನಿಂದ ಹೇಳಿದೆ. ಚರ್ಮ ಚುರುಚುರು ಎಂದಿತು. ಔಷಧಿ ಕೆಲಸಮಾಡುತ್ತಿದೆ ಎಂದುಕೊಂಡೆ. ಕೊನೆಗೆ, "ಮುರುಗೇಶಂ, ಇವತ್ತು ಯಾಕಪ್ಪ ಇನ್ನೂ ಕೂಗಲಿಲ್ಲ?" ಎಂದು ಕೂಗಿದೆ.

"ಎನ್ನ ಸಾರ್! ಸಂಡೇ ದಿನ ಊಟದ ಕೂಗು ಎಲ್ಲಿಂದ ಬರ್ತದೆ?" ಎನ್ನುತ್ತ ಅವನು ಒಳಗೆ ಬಂದ. ನನ್ನ ಮುಖ ನೋಡಿದ. ಒಂದು ಕೊಡ ನೀರು ತಂದು ತಲೆಯ ಮೇಲೆ ಸುರಿದ. ಮೂರು ಭಾಷೆ ಬಲ್ಲ ಮುರುಗೇಶಂ ಮಾತಾಡದೆ ನಿಂತದ್ದು ಅದೊಂದೇ ಸಲ. ನೀರಿನ ಜೊತೆಗೆ ನನ್ನ ಬಲಹುಬ್ಬು ಇಡಿಯಾಗಿ, ಯಾವ ನೋವೂ ಇಲ್ಲದೆ ಹರಿದುಹೋಯಿತು. ಸಾಹೇಬರು ಸುಳ್ಳು ಹೇಳಿರಲಿಲ್ಲ, ಏಕ್‌ದಂ ಸಾಫ್.

ರುಮಾಲನ್ನು ಬಲಗಣ್ಣಿನ ಮೇಲೆ ಓರೆಯಾಗಿ ಇಳಿಸಿ, ಶಿವಮೊಗ್ಗದ ತನಕ ರೈಲಿನ ಕಿಟಕಿಗೆ ಮುಖಮಾಡಿ ಕೂತು ಬಂದೆ. ಮನೆಯಲ್ಲಿ ರುಮಾಲು ತೆಗೆಯಲೇಬೇಕಾಯಿತು. ಪಾರ್ವತಿ "ಅಯ್ಯೋ ಶಿವನೇ" ಎಂದು ಹಣೆ ಚಚ್ಚಿಕೊಂಡಳು. ಅವ್ವ ಹತ್ತಿರ ಬಂದು, ಬೆರಳಿನಿಂದ ಸವರಿ ನೋಡಿ, ಅಭ್ಯಾಸಬಲದಿಂದ ಅಲ್ಲಿಗೊಂದಿಷ್ಟು ವಿಭೂತಿ ಹಚ್ಚಿದಳು. ನೀಲಾ ಮಾತ್ರ ನೋಡಿದಳು, ನೋಡಿದಳು, ಆಮೇಲೆ ನಗಲಿಕ್ಕೆ ಶುರುಮಾಡಿದಳು. ಒಂದು ವಾರದಿಂದ ನಗದ ಮಗು ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಉರುಳಿ ನಕ್ಕಿತು. ನಗು ನಿಂತ ಮೇಲೆ, "ಅಪ್ಪಾಜಿ, ನನಗೆ ಹಚ್ಚೋ ಮೊದಲು ನೀವು ಹಚ್ಕೊಂಡ್ರಾ?" ಎಂದು ಕೇಳಿದಳು. ಹೂಂ ಎಂದೆ. ಅವಳು ಚಾಪೆಯ ಮೇಲೆ ಎದ್ದು ಕೂತು, "ಹಾಗಾದ್ರೆ ನೀವು ಹೀಗೇ ಬಂದು ವೇದಿಕೆ ಮೇಲೆ ಕೂತ್ಕೊಳ್ಳಿ. ನಾನೂ ಹೀಗೇ ಬರ್ತೀನಿ" ಎಂದಳು. ಆಗಲಿ ಎಂದೆ. ಹೇಳುವುದಕ್ಕೇನು.

ವಾರ್ಷಿಕೋತ್ಸವದ ದಿನ ಬಂತು. ಊರಿನ ವಕೀಲರು, ಡಾಕ್ಟರು, ಅಮಲ್ದಾರರ ಮನೆಯವರು ಎಲ್ಲ ಬಂದಿದ್ದರು. ನನ್ನ ಧೈರ್ಯ ಬಾಗಿಲಲ್ಲೇ ಉಳಿಯಿತು. ರುಮಾಲನ್ನು ಮೆಲ್ಲಗೆ ಓರೆಮಾಡಿ, ಯಾವುದೋ ಸಂಸ್ಥಾನದ ದಿವಾನನ ಠೀವಿಯಲ್ಲಿ ವೇದಿಕೆಯ ಮೇಲೆ ಕೂತೆ. ಮುಂದಿನ ಸಾಲಿನಲ್ಲಿ ಪಾರ್ವತಿ, ಅವ್ವ, ಅವರ ಪಕ್ಕದಲ್ಲಿ ಬೆಳಗಿನ ಮೋಟಾರಿನಲ್ಲಿ ಬಂದಿಳಿದ ರುದ್ರಪ್ಪ ಮಾವ. ನೀಲಾಳ ಹೆಸರು ಕರೆದರು. ಅವಳು ಮೆಟ್ಟಿಲ ತನಕ ಬಂದಳು, ಹಿಂದಿನ ಬೆಂಚಿನಿಂದ "ಕಂಬಳಿಹುಳ" ಎಂದು ಯಾರೋ ಪಿಸುಗುಟ್ಟಿದರು, ಕಿಸಿಕಿಸಿ ನಗು. ಅವಳು ಅಲ್ಲೇ ನಿಂತುಬಿಟ್ಟಳು. ತಲೆಯೆತ್ತಿ ನೋಡಿದಳು, ನನ್ನ ಮುಖವನ್ನಲ್ಲ, ನನ್ನ ರುಮಾಲನ್ನು. ಹೆಡ್‌ಮಿಸ್ಟ್ರೆಸ್ಸಮ್ಮ ಸರ್ಟಿಫಿಕೇಟು ಹಿಡಿದು ಕಾಯುತ್ತಿದ್ದರು. ಇನ್ನೊಂದು ಗಳಿಗೆ ಹೀಗೇ ಇದ್ದರೆ ಅವಳು ತಿರುಗಿ ಓಡುತ್ತಾಳೆ, ಆ ಕಾಗದ ಟಪ್ಪಾಲಿಗೆ ಬೀಳುತ್ತದೆ ಎಂದು ನನಗೆ ಸ್ಪಷ್ಟವಾಗಿ ಕಂಡಿತು. ಎರಡೂ ಕೈಯಿಂದ ರುಮಾಲನ್ನು ಹಿಡಿದು ನೆತ್ತಿಯ ತನಕ ಮೇಲಕ್ಕೆ ದೂಡಿದೆ.

ಸಭೆಯ ಕಣ್ಣುಗಳೆಲ್ಲ ಹುಬ್ಬಿಲ್ಲದ ನನ್ನ ಬಲಗಣ್ಣಿನ ಮೇಲೆ ನೆಟ್ಟವು. ಆಮೇಲೆ ಹಿಂದಿನ ಬೆಂಚಿನಿಂದಲೇ, "ಲೇ, ಅವಳ ಹುಳ ಅವರಪ್ಪನ ಹುಬ್ಬನ್ನ ತಿಂದ್ಬಿಟ್ಟಿದೆ ಕಣ್ರೇ!" ಎಂದು ಒಂದು ದನಿ ಬಂತು. ವಕೀಲರು ನಕ್ಕರು, ಅಮಲ್ದಾರರ ಮನೆಯವರು ನಕ್ಕರು, ಎಲ್ಲರಿಗಿಂತ ಜೋರಾಗಿ ನೀಲಾ ನಕ್ಕಳು. ನಗುತ್ತಲೇ ದಡದಡ ಮೆಟ್ಟಿಲು ಹತ್ತಿ, ಹಣೆ ಎತ್ತಿಕೊಂಡು, ಎರಡು ಕೈಯಲ್ಲಿ ಸರ್ಟಿಫಿಕೇಟು ಇಸಿದುಕೊಂಡಳು. ನಮ್ಮ ಮನೆಯ ಕೈಗೆ ಇನ್ನೊಬ್ಬರ ಕೈಯಿಂದ ನೇರವಾಗಿ ಬಂದ ಮೊದಲ ಕಾಗದ ಅದು. ನನ್ನ ಭಾಷಣದ ಒಂದು ಪದವೂ ನೆನಪಿಗೆ ಬರಲಿಲ್ಲ. ಅದು ಹುಬ್ಬಿನ ಜೊತೆಗೇ ತೊಳೆದುಹೋಗಿರಬೇಕು. ಹುಬ್ಬಿನ ಮಾತನ್ನು ನೀಲಾ ಮನೆಯಲ್ಲಿ ಮತ್ತೆ ಎತ್ತಲಿಲ್ಲ. ದೊಡ್ಡವಳಾದ ಮೇಲೆ ಬೇಕು ಅನ್ನಿಸಿದರೆ ವಿಭೂತಿ ಗಟ್ಟಿ ಎಲ್ಲಿದೆ ಅಂತ ಗೊತ್ತು ಎಂದು ಅಜ್ಜಿಗೆ ಹೇಳಿದಳಂತೆ, ಅಷ್ಟೆ.

ಅದು ಆಮೇಲಿನ ಮಾತು. ಅವತ್ತು ಅವಳು ವೇದಿಕೆಯಿಂದ ಇಳಿದವಳೇ ನೆಟ್ಟಗೆ ಮಾವನ ಹತ್ತಿರ ಹೋಗಿ, "ತಗೊಳ್ಳಿ ತಾತ, ಎರಡನೇದು" ಎಂದು ಸರ್ಟಿಫಿಕೇಟನ್ನು ಅವರ ಕೈಯಲ್ಲಿಟ್ಟಳು. ನಾನೂ ಇಳಿದು ಬಂದು, ಇಷ್ಟು ವರ್ಷ ಕಾದಿದ್ದ ಆ ಒಂದು ಮಾತಿಗಾಗಿ ಎದೆಯುಬ್ಬಿಸಿ ನಿಂತೆ. ಮಾವ ಕಾಗದ ನೋಡಿದರು. ತಮ್ಮದೇ ಮುಖದಿಂದ ಹೋಗಿದ್ದ ಹುಬ್ಬನ್ನು ಹೆಬ್ಬೆರಳಿನಿಂದ ಈ ತುದಿಯಿಂದ ಆ ತುದಿಗೆ ಪ್ರೀತಿಯಿಂದ ಸವರಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಒಂದೇ ಹುಬ್ಬು ಇಟ್ಕೊಂಡು ಈ ಮಗು ಸರ್ಟಿಫಿಕೇಟು ತಂತು. ನೀನು ನೋಡಪ್ಪ ಬಿ.ಎ., ಎರಡಿದ್ದೋನು ಒಂದನ್ನ ಕಳ್ಕೊಂಡು ಬಂದೆ."