ಬಾಣಂತಿ ಕೋಣೆಯ ಗ್ಯಾಸ್ ಹೀಟರು

ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ತತ್ವಶಾಸ್ತ್ರ ಓದಿ ನಾನು ಕಲಿತದ್ದು ಒಂದೇ: ಯಾವುದನ್ನೂ ಪರೀಕ್ಷಿಸದೆ ನಂಬಬಾರದು. ಜಾತಕ, ಪಂಚಾಂಗ, ವರ್ತಮಾನ ಪತ್ರಿಕೆ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ಅನುಮಾನಿಸಿದೆ. ಮದುವೆಯಾದ ಮೇಲೆ ಆ ಸಾಲಿಗೆ ನನ್ನ ಜ್ಞಾಪಕಶಕ್ತಿಯೂ ಬಂದು ಸೇರಿತು. ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮರಳಿ ಬಂದು, ಬೀಗ ನೋಡಿಕೊಂಡು ಹೋಗಿ, ನೋಡಿದೆನೋ ಇಲ್ಲವೋ ಎಂದು ಮತ್ತೊಮ್ಮೆ ಮರಳಿದವನು ನಾನು. ಈಗ ಹೇಳುತ್ತಿರುವ ಸಂಗತಿ ನಡೆದ ವಾರವೇ ನನ್ನ ಕಂದು ಮಫ್ಲರು ನವಲಗುಂದದ ಬಸ್ಸಿನಲ್ಲಿ ಕಳೆದುಹೋಗಿತ್ತು. ಅದರ ಬಗ್ಗೆ ಮಾತ್ರ ಅನುಮಾನವಿರಲಿಲ್ಲ. ಕಿಟಕಿಯ ಸರಳಿಗೆ ಅದನ್ನು ಸುತ್ತಿಟ್ಟದ್ದು ಕಣ್ಣಿಗೆ ಕಟ್ಟಿದಂತಿತ್ತು.

ಹೆಂಡತಿ ಶಾಂತಾ ಚೊಚ್ಚಲ ಹೆರಿಗೆಗೆಂದು ತಿರ್ಲಾಪುರದ ತವರಿಗೆ ಹೋಗಿ ಹೆಣ್ಣುಮಗು ಹೆತ್ತಿದ್ದಳು. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಎರೆಭೂಮಿಯ ಮೇಲಿಂದ ಬೀಸುವ ಗಾಳಿ ಎಲುಬಿಗೆ ತಾಗುತ್ತಿತ್ತು. ಅಲ್ಲಿಯ ಪದ್ಧತಿಯಂತೆ ಬಾಣಂತಿಯ ಹೊರಸಿನ ಕೆಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಡಬೇಕು. ಶಾಂತಾಳಿಗೆ ಚಿಕ್ಕಂದಿನಿಂದ ಉಬ್ಬಸ. ಹೊಗೆ ಕಂಡರೆ ಅವಳ ಎದೆ ಸೀಟಿ ಹೊಡೆಯುತ್ತದೆ. ಆ ಕೋಣೆಯೊಳಗೆ ಅಗ್ಗಿಷ್ಟಿಕೆ ಬರಕೂಡದೆಂದು ನಾನು ಹಟ ಹಿಡಿದೆ. ನಮ್ಮ ಅತ್ತೆಯವರು ಅಳಿಯನೊಡನೆ ನೇರವಾಗಿ ಮಾತಾಡುವವರಲ್ಲ. ಎರಡು ಮೊಳ ದೂರದಲ್ಲಿದ್ದರೂ ಸೆರಗು ಹೊದ್ದು ಬಾಗಿಲ ಮರೆಗೆ ನಿಂತು ಮಗಳ ಮೂಲಕವೇ ಹೇಳಿಸುತ್ತಾರೆ.

"ಶಾಂತವ್ವಾ, ನಿನ್ನೂ ಇದ ಹೊಗಿಯಾಗ ಬೆಳಿಸೇನಿ ಅಂತ ಅವರಿಗೆ ಹೇಳವಾ."

"ಅದಕ್ಕ ಉಬ್ಬಸ ಬಂದೈತಿ ಅಂತ ಅವರಿಗೆ ಹೇಳು," ಎಂದೆ.

"ಇಬ್ಬರಿಗೂ ಕಿವಿ ಛಲೋ ಕೇಳಸ್ತಾವಲ್ರಿ, ನಡುವ ನನಗ್ಯಾಕ ಕಾಡ್ತೀರಿ?" ಎಂದು ಶಾಂತಾ ಗೋಡೆಯ ಕಡೆ ಹೊರಳಿದಳು.

ಲಷ್ಕರಿನಿಂದ ನಿವೃತ್ತನಾಗಿ ಹುಬ್ಬಳ್ಳಿಯಲ್ಲಿದ್ದ ಗೆಳೆಯ ಬಸವರಾಜ ಉತ್ತರದ ಚಳಿ ನಾಡಿನಿಂದ ಒಂದು ಸಣ್ಣ ಗ್ಯಾಸ್ ಹೀಟರು ತಂದಿಟ್ಟಿದ್ದ. ನಾನು ಹುಬ್ಬಳ್ಳಿಗೆ ಹೋಗಿ ಕೇಳಿದಾಗ ಸಣ್ಣ ಸಿಲಿಂಡರಿನ ಸಮೇತ ಅದನ್ನು ನನ್ನೊಡನೆ ನವಲಗುಂದದ ಬಸ್ಸಿಗೆ ಹತ್ತಿಸಿ ಎರಡು ಮಾತು ಹೇಳಿದ. ಮೊದಲನೆಯದು, "ಗುಂಡಿ ಒತ್ತಿ ಹಿಡದು ಇಪ್ಪತ್ತು ಎಣಸಲೇ, ಆಮ್ಯಾಲೆ ಬಿಡು." ಎರಡನೆಯದನ್ನು ಹೇಳುವಾಗ ಕಂಡಕ್ಟರು ಸೀಟಿ ಊದಿದ. ನಾನು ಹೂಂ ಎಂದೆ. ಏನು ಹೇಳಿದ ಎಂಬುದು ಆಗ ನೆನಪಿನಲ್ಲಿ ಉಳಿಯಲಿಲ್ಲ. ಹೂಂ ಎಂದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಮರುದಿನ ಬೆಳಿಗ್ಗೆ ಮಗುವಿಗೆ ಎರೆದ ಮೇಲೆ ಹೀಟರು ಹಚ್ಚಿದೆ. ನೀಲಿ ಜ್ವಾಲೆ, ಕೆಂಪು ಜಾಳಿಗೆ, ಹೊಗೆಯ ಸುಳಿವಿಲ್ಲ. ವಿಜ್ಞಾನದ ಮೇಲೆ ಹತ್ತು ನಿಮಿಷ ಭಾಷಣ ಮಾಡಿದೆ. ಇನ್ನೂ ಹತ್ತು ನಿಮಿಷಕ್ಕೆ ಟಕ್ ಎಂದು ಆರಿತು. ಹಚ್ಚಿದೆ, ಆರಿತು. ಇಪ್ಪತ್ತೋ ನಲವತ್ತೋ ಎಂದು ಅನುಮಾನ ಬಂದು ನೂರರವರೆಗೆ ಎಣಿಸಿದೆ. ಎರಡನೆಯ ದಿನ ಸ್ಟೋವಿನ ಪಿನ್ನಿನಿಂದ ಗ್ಯಾಸ್ ಬರುವ ತೂತು ಚುಚ್ಚಿ ಬಿಡಿಸಿದೆ. ಮೂರನೆಯ ದಿನ ಕೊಳವೆಗೆಲ್ಲ ಸಾಬೂನು ನೊರೆ ಬಳಿದು ಗುಳ್ಳೆ ಕಾಯುತ್ತ ಕೂತೆ, ಒಂದೂ ಏಳಲಿಲ್ಲ. ಅಂಗಳಕ್ಕೆ ಒಯ್ದು ಹಚ್ಚಿದರೆ ಆ ಪಿಶಾಚಿ ತಾಸುಗಟ್ಟಲೆ ಉರಿಯಿತು. ಬೀದಿಯ ನಾಯಿ ಬಂದು ಅದರ ಮುಂದೆ ಸುಖವಾಗಿ ಮಲಗಿತು. ಒಳಗೆ ತಂದರೆ ಮತ್ತೆ ಟಕ್. ಆ ಕೋಣೆಯಲ್ಲಿ ಕೂತರೆ ನನಗೂ ತಲೆ ಭಾರವಾಗುತ್ತಿತ್ತು. ಅದಕ್ಕೆ ಅತ್ತೆಯವರ ಮೌನವೇ ಕಾರಣವೆಂದು ತಿಳಿದೆ. ಓದಿದ ಓದು, ಬರೆದ ಪ್ರಬಂಧ ಎಲ್ಲ ವ್ಯರ್ಥವೆನಿಸಿ, ಆರಿದ ಹೀಟರಿನ ಎದುರು ಕುಕ್ಕರಗಾಲಲ್ಲಿ ಕೂತು ಬಿಟ್ಟೆ.

ಐದನೆಯ ಬೆಳಿಗ್ಗೆ ಮಗುವಿನ ಅಂಗಾಲು ತಣ್ಣಗಾಗಿತ್ತು. ನನ್ನ ಹಟ ಅಲ್ಲಿಗೆ ಮುಗಿಯಿತು. ಅತ್ತೆಯವರು ಕೆಂಡ ತುಂಬಿದ ಅಗ್ಗಿಷ್ಟಿಕೆ ಹಿಡಿದು ಬಂದರು. ಹೊಸ್ತಿಲಲ್ಲೇ ನಿಂತರು, ಒಳಗೆ ಇಡಲಿಲ್ಲ.

"ಶಾಂತವ್ವಾ, ಮೊದಲ ಗವಾಕ್ಷಿ ತೆರೀಬೇಕಂತ ಹೇಳವಾ. ಕಿಟಕಿ, ಬಾಗಲಾ ಮುಚ್ಚಿದರೂ ನಡೀತೈತಿ, ಬೆಂಕಿ ಇರೂ ಖೋಲಿಯಾಗ ಮ್ಯಾಲಿನ ಕಂಡಿ ಮುಚ್ಚಬಾರದು. ಕೂಸಿಗೆ ಉಸರು ಬೇಕಲ್ಲ."

ಆ ಕ್ಷಣ ಬಸವರಾಜನ ಎರಡನೆಯ ಮಾತು ಸೀಟಿಯ ಸಮೇತ ಕಿವಿಗೆ ಬಿತ್ತು: "ಪೂರಾ ಮುಚ್ಚಿದ ಖೋಲ್ಯಾಗ ಇಡಬ್ಯಾಡ. ಗಾಳಿ ಕೆಟ್ಟರ ತಾನ ಆರತೈತಿ. ಅಷ್ಟು ಶಾಣ್ಯಾ ಐತಿ ಅದು."

ನಾಲ್ಕು ದಿನ ಆ ಯಂತ್ರ ನನ್ನ ಹೆಂಡತಿ, ಮಗಳನ್ನು ಕಾಯುತ್ತಿತ್ತು. ನಾನು ಪಿನ್ನು ಹಿಡಿದು ಅದರ ಬುದ್ಧಿ ಕೆಡಿಸಲು ಕೂತಿದ್ದೆ. ಹೆದರಿಕೆ ಸಿಟ್ಟಾಗಿ ತಿರುಗಲು ಹೊತ್ತು ಬೇಕಾಗಲಿಲ್ಲ.

"ಯಾರು ಗವಾಕ್ಷಿ ಮುಚ್ಚಿದವರು? ಓದು ಬರಹ ಇಲ್ಲದವರ ಕೆಲಸ!" ಎಂದು ಕೂಗಿದೆ.

ಅತ್ತೆ ಮಗಳನ್ನು ನೋಡಿದರು, ಮಗಳು ಕೂಸನ್ನು ನೋಡಿದಳು. ನಾನು ಸ್ಟೂಲು ಹತ್ತಿ, ತೂತಿನಲ್ಲಿ ತುರುಕಿದ್ದ ಹಳೆಯ ಜಮಖಾನೆಯ ತುಂಡನ್ನು ಜಗ್ಗಿದೆ. ಧೂಳಿನೊಡನೆ ಅದು ಮುಖದ ಮೇಲೆ ಬಿತ್ತು. ಅದರ ಸುರುಳಿಯೊಳಗೆ, ಸಂದು ಬಿಡದಂತೆ ನೀಟಾಗಿ ಮಡಿಸಿ ತುಂಬಿದ್ದು ನನ್ನ ಕಂದು ಮಫ್ಲರು.

"ಹೀಟರ್ ತಂದ ದಿನಾನ ನೀವ ಸ್ಟೂಲ್ ಹತ್ತಿ ಮುಚ್ಚಿದ್ರಲ್ರಿ," ಎಂದಳು ಶಾಂತಾ ಮೆಲ್ಲಗೆ. "ಬಿಸಿ ಗಾಳಿ ಮ್ಯಾಲಕ್ಕ ಹೋಗತೈತಿ, ಅದು ವಿಜ್ಞಾನ ಅಂತ ಅಂದ್ರಿ. ಅಳಿಯಂದ್ರು ಮುಚ್ಚಿದ್ದು ನಾವು ಹೆಂಗ ತಗಿಯೂಣು ಅಂತ ಅವ್ವ ಸುಮ್ನಾದಳು. ಹೊಗಿ ಇಲ್ಲದ ಬೆಂಕಿಗೆ ಕಂಡಿ ಬ್ಯಾಡೇನೋ ಅಂತ ನಾನೂ ತಿಳಕೊಂಡೆ."

ಬಾಗಿಲ ಮರೆಯಿಂದ ಅತ್ತೆಯವರ ಧ್ವನಿ ಬಂತು, ಮೊದಲಿನಷ್ಟೇ ಮರ್ಯಾದೆಯಿಂದ: "ಶಾಂತವ್ವಾ, ಮಫ್ಲರ್ ಸಿಕ್ಕೈತಿ, ಇನ್ನ ಬಸ್ಸಿನವರಿಗೆ ಬಯ್ಯೂದು ಬ್ಯಾಡಂತ ಹೇಳವಾ."

ಅಂದು ಹೀಟರು ಮಧ್ಯಾಹ್ನದವರೆಗೆ ಒಮ್ಮೆಯೂ ಆರದೆ ಉರಿಯಿತು. ಅಗ್ಗಿಷ್ಟಿಕೆ ಹೊರಗೇ ಉಳಿಯಿತು. ಮಗಳು ಅಂಗಾಲು ಬೆಚ್ಚಗಾಗಿ ನಿದ್ದೆಹೋದಳು. ನಾನು ಗವಾಕ್ಷಿಯಿಂದ ಇಳಿಯುವ ಚಳಿಗಾಳಿಯ ಕೆಳಗೆ, ಮಫ್ಲರು ಸುತ್ತಿಕೊಂಡು, ಬಾಯಿ ಮುಚ್ಚಿಕೊಂಡು ಕೂತೆ. ಗವಾಕ್ಷಿ ಮುಚ್ಚಿದ್ದು ನಾನೇ ಎಂಬುದನ್ನು ಸಾಕ್ಷಿ ಸಮೇತ ಒಪ್ಪಿದ್ದೇನೆ. ಆದರೆ ಸ್ಟೂಲು ಹತ್ತಿದ್ದು ಇಂದಿಗೂ ನನಗೆ ನೆನಪಿಲ್ಲ. ಬಸ್ಸಿನ ಕಿಟಕಿಯ ಸರಳಿಗೆ ಮಫ್ಲರು ಸುತ್ತಿಟ್ಟದ್ದು ಮಾತ್ರ ಇಂದಿಗೂ ಸ್ಪಷ್ಟವಾಗಿ ನೆನಪಿದೆ.